ಮುಷ್ಟಿಯೊಳಗಿನ ಉಸಿರು

ಆಯಿಯ ಎಡ ಮೊಣಕೈಯ ಮಡಿಕೆಯಲ್ಲಿ ಒಂದು ನರವಿತ್ತು. ದಪ್ಪಗೆ, ನೀಲಿಯಾಗಿ, ಬೆರಳಿಟ್ಟರೆ ಜಾರದೆ ನಿಲ್ಲುವ ನರ. ಅದರ ಕೆಳಗೆ ಮುಂಗೈವರೆಗೂ ಹಂಚಿನ ಅಂಚು ತಾಗಿ ಸುಟ್ಟ ಕಲೆಗಳು. ಹಳೆಯವು ಕಪ್ಪಾಗಿ, ಅದೇ ವಾರದವು ಕೆಂಪಗೆ. ಈಗಲೂ ಯಾರಾದರೂ ಬಂದು ನನ್ನ ಮುಂದೆ ತೋಳು ಚಾಚಿದರೆ ನನ್ನ ಬೆರಳು ಮೊದಲು ಹುಡುಕುವುದು ಆ ನರವನ್ನೇ. ಅಂಥದು ಮತ್ತೆ ಯಾರಲ್ಲೂ ಸಿಕ್ಕಿಲ್ಲ.

ನಾನು ಗಡಿಯಂಚಿನ ಮರಾಠಿ ಸೀಮೆಯ ಉದಗೀರದಲ್ಲಿ ರಕ್ತ ತಪಾಸಣೆ ಮಾಡುವ ಲ್ಯಾಬಿನವಳು. ಎಷ್ಟು ಜನರಿಗೆ ಸೂಜಿ ಚುಚ್ಚಿದ್ದೇನೋ ನೆನಪಿಲ್ಲ, ಆದರೆ ಮೊಟ್ಟಮೊದಲು ರಕ್ತ ತೆಗೆದದ್ದು ಆಯಿಯದು. ಆಕೆ ನನ್ನ ಬಳಗದವಳಲ್ಲ. ಔರಾದ ಶಹಾಜನಿಯ ಹತ್ತಿರ ನಮ್ಮೂರ ಮಠದಲ್ಲಿ ದಾಸೋಹದ ಅಡುಗೆ ಮಾಡುತ್ತಿದ್ದಳು. ಬಂದವರಿಗೆಲ್ಲ ಜೋಳದ ರೊಟ್ಟಿ, ಬ್ಯಾಳಿ, ಹಬ್ಬವಿದ್ದರೆ ಹುಗ್ಗಿ. ಊರಿಗೆಲ್ಲ ಆಯಿ, ನನಗೂ ಆಯಿ.

ಗುಂಜೋಟಿಯ ಮಗಳು, ಸಾಸ್ತೂರದ ಸೊಸೆ. ನಮ್ಮ ಸೀಮೆಯ ತೊಂಬತ್ತಮೂರರ ಭೂಕಂಪದ ದಿನ ಆಕೆ ತವರಿನಲ್ಲಿದ್ದಳು. ಗಂಡ ಮತ್ತು ಇಬ್ಬರು ಮಕ್ಕಳು ಸಾಸ್ತೂರದ ಕಲ್ಲಿನ ಮನೆಯಲ್ಲಿದ್ದರು. ಮೂವರ ಮೇಲೂ ಗೋಡೆ ಬಿತ್ತು. ಆಮೇಲೆ ಸರಕಾರದವರು ಹೊಸ ಮನೆ ಕಟ್ಟಿಕೊಟ್ಟರು, ಈಕೆ ಅದರ ಬಾಗಿಲಿಗೆ ಕೂಡ ಹೋಗಲಿಲ್ಲ. ನಮ್ಮ ಮಠಕ್ಕೆ ಬಂದು ಒಲೆಯ ಮುಂದೆ ಕೂತವಳು ಕೂತೇಬಿಟ್ಟಳು.

ಮಠದಲ್ಲಿ ಕರಿಕಲ್ಲಿನ ಹಳೆಯ ಅಡುಗೆಮನೆಯಿದೆ. ಎತ್ತರದ ಚಾವಣಿ, ನಡುವೆ ಮನುಷ್ಯ ತೂರುವಷ್ಟು ದೊಡ್ಡ ಹೊಗೆಗಂಡಿ. ಆಯಿ ಅದರ ಹೊಸ್ತಿಲು ದಾಟಿದವಳಲ್ಲ. "ಕಲ್ಲಿನ ಕೆಳಗ ನಾ ಕುಂದ್ರಂಗಿಲ್ರೀ ಅಪ್ಪಗೋಳೇ" ಎಂದು ಮಠದ ಸ್ವಾಮಿಗಳಿಗೆ ಮೊದಲ ದಿನವೇ ಹೇಳಿಬಿಟ್ಟಿದ್ದಳಂತೆ. ಅವರು ಪಾಪ ಹಿತ್ತಲಲ್ಲಿ ಒಂದು ಟಿನ್ ಶೆಡ್ಡು ಹಾಕಿಸಿಕೊಟ್ಟರು. ಗಿಡ್ಡ ಬಾಗಿಲು, ಕಿಟಕಿಯಿಲ್ಲ. ತೊಗರಿ ಕಟ್ಟಿಗೆ, ಕುಳ್ಳು ಉರಿದರೆ ಒಳಗೆ ಯಾರಿದ್ದಾರೆಂಬುದೇ ಕಾಣದಷ್ಟು ಹೊಗೆ. ಕೆಮ್ಮಿನ ಸದ್ದು ಕೇಳಿ ಆಯಿ ಯಾವ ಮೂಲೆಯಲ್ಲಿದ್ದಾಳೆಂದು ಗುರುತು ಹಿಡಿಯುತ್ತಿದ್ದೆವು, ಅದನ್ನೇ ಹೇಳಿ ನಗುತ್ತಲೂ ಇದ್ದೆವು.

ಗಂಡನ ಮನೆ ಸರಿಹೋಗದೆ ನಾನು ತವರಿಗೆ ಬಂದು ಕೂತಿದ್ದ ದಿನಗಳು. ಮನೆಯಲ್ಲಿ ಎದುರಿಗೆ ಬಂದವರೆಲ್ಲ ನಿಟ್ಟುಸಿರು ಬಿಡುತ್ತಿದ್ದರು. ಅದನ್ನು ತಪ್ಪಿಸಿಕೊಳ್ಳಲು ದಾಸೋಹಕ್ಕೆ ರೊಟ್ಟಿ ತಟ್ಟಲು ಹೋಗುತ್ತಿದ್ದೆ. ಒಂದು ವಾರ ನನ್ನ ರೊಟ್ಟಿ ನೋಡಿದ ಆಯಿ, "ಯವ್ವಾ ತಂಗಿ, ಇದು ರೊಟ್ಟಿ ಏನ, ಕರ್ನಾಟಕದ ನಕಾಶಿ ಏನ? ನೀ ಇದಕ್ಕ ಹುಟ್ಟಿದಾಕಿ ಅಲ್ಲ. ಹನ್ನೆರಡನೇ ಕ್ಲಾಸ್ ಓದೀ ಅಂತಿ. ಹೋಗಿ ಬ್ಯಾರೆ ಏನರೆ ಕಲಿ" ಅಂದಳು. ನಮ್ಮಪ್ಪನನ್ನು ಕರೆಸಿ, ಉದಗೀರದಲ್ಲಿ ರಕ್ತ ಪರೀಕ್ಷೆ ಕಲಿಸುವ ಕೋರ್ಸಿಗೆ ನನ್ನನ್ನು ಸೇರಿಸುವಂತೆ ಜಗಳ ಮಾಡಿದವಳೂ ಆಕೆಯೇ.

ಸೇರಿದೆ ನಿಜ, ಆದರೆ ಕೈ ನಡುಗುತ್ತಿತ್ತು. ಮುದುಕರೊಬ್ಬರಿಗೆ ಮೂರು ಸಲ ಚುಚ್ಚಿದರೂ ನರ ಸಿಗದೆ, ಅವರು ಎಲ್ಲರ ಮುಂದೆ ಮರಾಠಿಯಲ್ಲಿ ಬೈದು ಎದ್ದುಹೋದರು. ಊರಿಗೆ ಬಂದು, ಇನ್ನು ಹೋಗುವುದಿಲ್ಲ ಎಂದು ಶೆಡ್ಡಿನ ಬಾಗಿಲಲ್ಲಿ ಕೂತು ಅತ್ತೆ. ಆಯಿ ಹಿಟ್ಟಿನ ಕೈ ತೊಳೆದು, ಸೆರಗಿಗೆ ಒರೆಸಿ, ಎಡಗೈ ನನ್ನ ಮುಂದಿಟ್ಟಳು.

"ಚುಚ್ಚು."

"ಆಯೀ, ನೋಯ್ತದ."

"ಹಂಚು ದಿನಾ ಸುಡ್ತದ. ಅದೇನು ನನ್ನ ಕೇಳಿ ಸುಡ್ತದ? ಚುಚ್ಚವಾ ಸುಮ್ಮ, ರೊಟ್ಟಿ ಆರ್ತಾವ."

ನಾಲ್ಕು ಸಲ ತಪ್ಪಿತು. ಆಕೆ ಮುಖ ಕೂಡ ಕಿವುಚಲಿಲ್ಲ. ಐದನೆಯ ಸಲ ಸಿರಿಂಜಿನೊಳಗೆ ರಕ್ತ ಏರಿತು. ಅದನ್ನು ಬಗ್ಗಿ ನೋಡಿದ ಆಯಿ, "ಅಯ್ಯ ಶಿವನೇ, ಇಷ್ಟ್ ಕೆಂಪಗ ಅದ ಏನ ನಂದು? ಇಷ್ಟ್ ವರ್ಷ ಹೊಗಿ ನುಂಗೀನಿ, ಕರ್ರಗ ಆಗಿರ್ತದ ಅಂದಿದ್ದೆ" ಎಂದು ನಕ್ಕಳು. ಆಮೇಲೆ ಎಷ್ಟೋ ಐತವಾರ ಅದೇ ಕೈ, ಅದೇ ನರ. ನನ್ನ ಕೈ ನಡುಗುವುದು ನಿಂತದ್ದು ಆ ತೋಳಿನ ಮೇಲೆ. ನಾನು ಇವತ್ತು ತಿನ್ನುವ ಅನ್ನ ಆ ತೋಳಿನದು, ಇದನ್ನು ಸುತ್ತಿ ಬಳಸಿ ಹೇಳುವುದೇಕೆ?

ಆಯಿಗೆ ಒಂದು ಹಟವಿತ್ತು. ಎಂಜಲು. ಆಕೆಯ ತಂಬಿಗೆ ಬೇರೆ, ತಾಟು ಬೇರೆ. ದಾಸೋಹದ ಒಲೆ ಊದಲು ಒಂದು ಕಬ್ಬಿಣದ ಊದುಗೊಳವೆಯಿತ್ತು. ಸೇವೆಗೆ ಬಂದ ಹೆಂಗಸರೆಲ್ಲ ಅದನ್ನೇ ಬಾಯಿಗಿಟ್ಟು ಊದುತ್ತಿದ್ದರು. ಆಯಿ ಮಾತ್ರ ಕೊಳವೆಯ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಹೆಬ್ಬೆರಳು ತೋರುಬೆರಳುಗಳ ನಡುವಿನ ಸಂದಿಗೆ ತುಟಿಯಿಟ್ಟು ಊದುತ್ತಿದ್ದಳು. ಗಂಡಸರು ಚಿಲುಮೆ ಹಿಡಿಯುವುದಿಲ್ಲವೇ, ಹಾಗೆ. ತುಟಿ ಕೊಳವೆಗೆ ತಾಗುತ್ತಿರಲಿಲ್ಲ. "ಕೊಳವಿ ಎಲ್ಲಾರದು, ಮುಷ್ಟಿ ನಂದು" ಅನ್ನುತ್ತಿದ್ದಳು. ಒಂದೇ ಊದಿಗೆ ಸತ್ತ ಕೆಂಡದಿಂದ ಉರಿ ಎದ್ದು ಹಂಚು ಮುಟ್ಟುತ್ತಿತ್ತು. ನಾವು ಮೂರು ಜನ ಊದಿದರೂ ಹಾಗೆ ಹತ್ತುತ್ತಿರಲಿಲ್ಲ.

ನನಗೆ ಕೆಲಸ ಸಿಕ್ಕ ಮೇಲೆ, ಉದಗೀರದ ಎದೆರೋಗದ ಡಾಕ್ಟರೊಬ್ಬರು ವರ್ಷಕ್ಕೊಮ್ಮೆ ಶ್ರಾವಣ ಮುಗಿದ ಕೂಡಲೆ ನಮ್ಮ ಮಠದ ಅಂಗಳದಲ್ಲಿ ತಪಾಸಣೆ ಇಟ್ಟುಕೊಳ್ಳತೊಡಗಿದರು. ಮರಾಠಿ ಮನೆಯವರು, ಕನ್ನಡ ಮುರುಕು. ನಲವತ್ತು ದಾಟಿದವರೆಲ್ಲ ಒಂದು ಮಶೀನಿಗೆ ಜೋಡಿಸಿದ ಕೊಳವೆಯಲ್ಲಿ ಜೋರಾಗಿ ಊದಬೇಕು, ಆಮೇಲೆ ರಕ್ತ ಕೊಡಬೇಕು. ಪ್ರತಿಯೊಬ್ಬರ ಹೆಸರಿಗೂ ವರ್ಷಕ್ಕೊಂದು ಹಳದಿ ಕಾರ್ಡು. ಊದಿಸುವುದು, ರಕ್ತ ತೆಗೆಯುವುದು, ಕಾರ್ಡು ಬರೆಯುವುದು ಎಲ್ಲ ನನ್ನ ಕೆಲಸ.

ಮೊದಲ ವರ್ಷ ಅವರು ನನ್ನನ್ನು ಕೂರಿಸಿಕೊಂಡು ತಿಳಿಸಿಕೊಟ್ಟಿದ್ದರು. "ಹೇ ಬಘ್ ಬಾಯಿ, ವಯಸ್ಸಾದಂಗ ಎಲ್ಲಾರದೂ ಎದಿಯೊಳಗಿನ ಫುಪ್ಫುಸ ಸಣ್ಣ ಸಣ್ಣ ಕಮ್ಮಿ ಆಗ್ತದ, ಕೂದಲಾ ಬೆಳ್ಳಗಾದಂಗ. ಅದು ರೋಗ ನಾಹೀ. ಆದ್ರ ಒಬ್ಬೊಬ್ಬರದು ಭಾಳ ಲಗೂ ಇಳೀತದ. ಎಷ್ಟು ಇಳೀತು ಅಂತ ಉಸಿರು ಹೇಳ್ತದ. ಒಳಗ ಉರಿ ನಡದದ ಅಂದ್ರ ರಕ್ತದಾಗ ಗುರುತು ಸಿಗ್ತದ. ಎರಡೂ ಜೋಡಿ ಇಟ್ಟು ನೋಡ್ಬೇಕು." ನಾನು ತಲೆಯಾಡಿಸಿದ್ದೆ. ಎರಡೂ ಜೋಡಿ ಇಟ್ಟು ನೋಡಬೇಕು ಅನ್ನುವ ಆ ಒಂದು ಮಾತನ್ನು ನಾನು ಬರೆದುಕೊಂಡೂ ಇದ್ದೆ, ಸುಡಲಿ.

ಆಯಿಯ ಸರದಿ ಬಂತು. ಕೊಳವೆ ನೋಡಿ ಹಿಂದೆ ಸರಿದಳು.

"ಆಯೀ, ಇದು ಹೊಸಾದು. ಒಬ್ಬರಿಗಿ ಒಂದೇ, ಆಮ್ಯಾಗ ಒಗೀತೀವಿ."

"ನಳಗಿ ಹೊಸಾದಿರಬೌದು. ಪೆಟಗಿ ಒಳಗಿನ ಉಸಲು ಯಾರ್ಯಾರದವಾ?"

ಸಾಲಿನಲ್ಲಿದ್ದವರು ಗೊಳ್ಳೆಂದರು. ಆಯಿ ಕೊಳವೆಯನ್ನು ಮುಷ್ಟಿಯಲ್ಲಿ ಹಿಡಿದು ಒಲೆ ಊದಿದ ಹಾಗೆ ಊದಿದಳು. ಮಶೀನಿನ ಅಂಕಿ ಚೆನ್ನಾಗಿ ಬಂತು, ಆಕೆಯ ವಯಸ್ಸಿಗೆ ಇರಬೇಕಾದದ್ದಕ್ಕಿಂತ ಒಂದು ಕೈ ಮೇಲೆಯೇ. ಸರಿಯೆಂದು ಬರೆದುಕೊಂಡೆ. ಎರಡನೆಯ ವರ್ಷವೂ ಮುಷ್ಟಿ, ಎರಡನೆಯ ವರ್ಷವೂ ಒಳ್ಳೆಯ ಅಂಕಿ.

ಮೂರನೆಯ ವರ್ಷ ಅಂಕಿ ಇಳಿಯಿತು. ಸ್ವಲ್ಪವಲ್ಲ, ಧಡಕ್ಕನೆ. ನಾನು ಆಯಿಯ ಮುಷ್ಟಿ ನೋಡಿದೆ, ಅಂಕಿ ನೋಡಿದೆ. ಕಾರ್ಡಿನಲ್ಲಿ ಬರೆದೆ: ತುಟಿ ಮುಚ್ಚಿಲ್ಲ, ಗಾಳಿ ಸೋರಿದೆ, ಪರೀಕ್ಷೆ ಸರಿಯಿಲ್ಲ. ಆಕೆಯ ರಕ್ತದಲ್ಲಿ ಉರಿಯ ಗುರುತು ಆ ವರ್ಷ ಏರಿತ್ತು. ಅದಕ್ಕೂ ನನ್ನ ಹತ್ತಿರ ಕಾರಣವಿತ್ತು: ಕೈ ಸುಟ್ಟುಕೊಂಡಿದ್ದಾಳೆ, ಮೊಣಕಾಲು ಬಾತಿದೆ, ಏರದೆ ಏನು? ಸಂಜೆ ಕಾರ್ಡುಗಳನ್ನು ತಿರುವುತ್ತಿದ್ದ ಡಾಕ್ಟರು ಕೇಳಿದರು.

"ಇವರದು ಪರತ್ ಊದಿಸಿಲ್ಲ ಏನು?"

"ಊದ್ಸೀನ್ರೀ ಸರ್. ಎಂಜಲಾ ಅಂತಾಳ್ರೀ ಆಯಿ, ತುಟಿ ಹಚ್ಚಂಗಿಲ್ಲ."

ಡಾಕ್ಟರು ನಕ್ಕರು. ಮೊಣಕಾಲಿಗೆ ಗುಳಿಗೆ ಬರೆದು ಮುಂದಿನ ಕಾರ್ಡು ತೆಗೆದುಕೊಂಡರು. ನಾನು ಇನ್ನೊಮ್ಮೆ ಊದಿಸಿರಲಿಲ್ಲ. ಸಾಲು ಉದ್ದವಿತ್ತು, ಎಲ್ಲರೂ ಆಯಿಯನ್ನು ನೋಡಿ ನಗುತ್ತಿದ್ದರು, ನನಗೆ ನಾಚಿಕೆಯಾಗಿತ್ತು. ಆಕೆಯ ಬಗ್ಗೆಯಲ್ಲದೆ ಮತ್ತೆ ಯಾರ ಬಗ್ಗೆ? ಇದನ್ನು ಬರೆಯುವಾಗಲೂ ಮೈ ಹಿಡಿಯಾಗುತ್ತದೆ.

ನಾಲ್ಕನೆಯ ವರ್ಷವೂ ಹಾಗೆಯೇ, ಐದನೆಯ ವರ್ಷವೂ. ಉಸಿರಿನ ಅಂಕಿ ಕೆಳಗೆ, ರಕ್ತದ ಗುರುತು ಮೇಲೆ. ನಾನು ಅದೇ ಸಾಲನ್ನು ಅದೇ ಕೈಬರಹದಲ್ಲಿ ಬರೆದೆ. ಉದಗೀರದ ಲ್ಯಾಬಿನಲ್ಲಿ ಚಹಾ ಕುಡಿಯುವಾಗ ಇದನ್ನು ಎಲ್ಲರಿಗೂ ಹೇಳಿ ನಗಿಸುತ್ತಿದ್ದೆ. "ನಮ್ಮ ಆಯಿ ಮಶೀನಿಗೂ ಎಂಜಲಾ ಮೈಲಿಗಿ ಹೇಳಿಕೊಡ್ತಾಳ್ರೀ!" ಎಂಥ ಮೋಜು ನನಗೆ.

ಕಣ್ಣ ಮುಂದೆ ಬೇರೆಯವೂ ನಡೆದಿದ್ದವು. ರೊಟ್ಟಿ ತಟ್ಟುತ್ತ ವಚನ ಹೇಳಿಕೊಳ್ಳುತ್ತಿದ್ದವಳು ಹೇಳುವುದು ಬಿಟ್ಟಳು. ಬಾವಿಯಿಂದ ಶೆಡ್ಡಿಗೆ ಬರುವಾಗ ಬೇವಿನ ಕಟ್ಟೆಯ ಮೇಲೆ ಕೊಡ ಇಳಿಸಿ ಕೂರುತ್ತಿದ್ದಳು. ಕೇಳಿದರೆ, "ವಯಸ್ಸಾತಲ್ಲವಾ, ಇನ್ನೇನು ಹಾರ್ಲಿ ಏನು?" ಒಂದು ದಿನ ನನ್ನೆದುರಿಗೇ ಊದುಗೊಳವೆಯನ್ನು ಪಕ್ಕದ ಹೆಂಗಸಿನ ಕೈಗೆ ಕೊಟ್ಟು, "ನೀ ಊದವಾ, ನನ್ನ ಕಣ್ಣಿಗಿ ಹೊಗಿ ಬರ್ಲತದ" ಅಂದಳು. ಅಷ್ಟು ವರ್ಷ ಹೊಗೆಯಲ್ಲೇ ಬದುಕಿದವಳ ಕಣ್ಣಿಗೆ ಆವತ್ತು ಹೊಗೆ ಬಂತಂತೆ. ಕಟ್ಟಿಗೆ ಹಸಿಯಿರಬೇಕು ಅಂದುಕೊಂಡು ನಾನು ಬಿಸಿ ರೊಟ್ಟಿ ಮುರಿದು ತಿಂದೆ.

ಮುಂದಿನ ಎಳ್ಳಮಾಸಿಯ ಮುಂಜಾನೆ. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುತ್ತದೆ. ಮಠದ ಹೊಲಕ್ಕೆ ಕಾಳು ಸೊಪ್ಪಿನ ಭಜ್ಜಿಯ ಪಾತ್ರೆ, ಅಂಬಲಿಯ ಕೊಡ ಹೊರಟಿದ್ದವು. ಕೊಡ ತಲೆಯ ಮೇಲಿಟ್ಟುಕೊಂಡು ಹೊರಟ ಆಯಿ ಹಿತ್ತಲ ಬಾಗಿಲಲ್ಲೇ ಕುಸಿದಳು. ಅಂಬಲಿ ಚೆಲ್ಲಿ ಅಂಗಳವೆಲ್ಲ ಬೆಳ್ಳಗಾಯಿತು. ನಾನು ಓಡಿಬಂದಾಗ ಆಕೆಯ ತುಟಿ, ಉಗುರು ನೀಲಿಗಟ್ಟಿದ್ದವು. ಭುಜ ಎತ್ತಿ ಎತ್ತಿ ಉಸಿರನ್ನು ಎಳೆಯುತ್ತಿದ್ದಳು, ಅದು ಒಳಗೆ ಹೋಗುತ್ತಿರಲಿಲ್ಲ. ಜೀಪಿನಲ್ಲಿ ಹಾಕಿಕೊಂಡು ಉದಗೀರಕ್ಕೆ ಒಯ್ದೆವು.

ದವಾಖಾನೆಯಲ್ಲಿ ನಮ್ಮ ಡಾಕ್ಟರೇ ನೋಡಿದರು. "ಹಳೇ ಕಾರ್ಡು ತಗೊಂಡು ಬಾ" ಅಂದರು. ಲ್ಯಾಬಿಗೆ ಹೋಗಿ ಐದು ಹಳದಿ ಕಾರ್ಡುಗಳನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಎರಡರಲ್ಲಿ ಅಂಕಿಯ ಮುಂದೆ ಸರಿ. ಮೂರರಲ್ಲಿ ತುಟಿ ಮುಚ್ಚಿಲ್ಲ. ಆಗ ನನಗೆ ಹೊಳೆಯಿತು. ಐದೂ ವರ್ಷ ಮುಷ್ಟಿ ಒಂದೇ. ಅಂಕಿ ಚೆನ್ನಾಗಿದ್ದಾಗ ಆ ಮುಷ್ಟಿಯನ್ನು ನಂಬಿದೆ, ಇಳಿದಾಗ ಅದೇ ಮುಷ್ಟಿಯ ಮೇಲೆ ತಪ್ಪು ಹೊರಿಸಿದೆ.

ಮಶೀನು ಅಲ್ಲೇ ಇತ್ತು. ಹೊಸ ಕೊಳವೆ ಹಾಕಿ, ಮೊದಲು ತುಟಿಯಿಟ್ಟು ಊದಿದೆ. ಆಮೇಲೆ ಆಯಿಯ ಹಾಗೆ ಮುಷ್ಟಿ ಕಟ್ಟಿ ಊದಿದೆ. ಎರಡೂ ಅಂಕಿ ಹೆಚ್ಚುಕಡಿಮೆ ಒಂದೇ ಬಂದವು. ಮತ್ತೆ ಊದಿದೆ, ಮತ್ತೂ ಊದಿದೆ, ತಲೆ ತಿರುಗುವವರೆಗೆ ಊದಿದೆ. ಒಲೆ ಊದಿ ರೂಢಿಯಿಲ್ಲದ ನನ್ನ ಮುಷ್ಟಿಯೇ ಸೋರಲಿಲ್ಲ. ಆಯಿಯ ಮುಷ್ಟಿ ಸೋರುತ್ತದೆಯೇ? ಸತ್ತ ಕೆಂಡದಿಂದ ಉರಿ ಎಬ್ಬಿಸಿದ ಮುಷ್ಟಿ ಅದು. ನಾನು ನನ್ನ ಕಣ್ಣಾರೆ ನೋಡಿದ್ದೆ.

ಕಾರ್ಡುಗಳನ್ನು ಒಯ್ದು ಡಾಕ್ಟರ ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ರಕ್ತದ ಅಂಕಿಗಳ ಮೇಲೆ ಬೆರಳಾಡಿಸಿದರು.

"ಆಗೇ ತಿಳಿದಿದ್ರ ಏನಾಗ್ತಿತ್ರೀ ಸರ್?"

"ಹೋದದ್ದು ಬರ್ತಿರಲಿಲ್ಲ. ಹೊಗಿ ತಪ್ಪಿಸಿದ್ರ ಉಳಿದದ್ದು ಇಷ್ಟು ಲಗೂ ಹೋಗ್ತಿರಲಿಲ್ಲ. ಇನ್ನೂ ಕೆಲವು ವರ್ಷ…" ಎಂದು ನಿಲ್ಲಿಸಿ, "ನಂದೂ ತಪ್ಪದ. ನಾ ನಕ್ಕುಬಿಟ್ಟೆ" ಅಂದರು.

ಗುಂಜೋಟಿಯಿಂದ ಆಯಿಯ ಅಣ್ಣನ ಮಗ ಬಂದ. ಅವನ ಹತ್ತಿರವೂ ಹೇಳಿಕೊಂಡೆ. ಅವನು ಒಳ್ಳೆಯವನು, ನನ್ನನ್ನೇ ಸಮಾಧಾನ ಮಾಡಿದ. "ಅಕ್ಕಾ, ನೀವು ಹೇಳಿದ್ರೂ ಅತ್ತಿ ಕೇಳ್ತಿದ್ದಿಲ್ರೀ. ಆ ಶೆಡ್ಡು ಬಿಟ್ಟು ಕಲ್ಲಿನ ಮನಿಗಿ ಅಕಿ ಸತ್ರೂ ಹೋಗ್ತಿದ್ದಿಲ್ಲ." ಸ್ವಾಮಿಗಳೂ ಅದನ್ನೇ ಅಂದರು, ನಮ್ಮವ್ವನೂ ಅದನ್ನೇ ಅಂದಳು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹೌದಲ್ಲ, ಆಯಿಯ ಹಟ ಯಾರಿಗೆ ಗೊತ್ತಿಲ್ಲ? ಹೇಳಿದ್ದರೂ ಅಷ್ಟೇ, ಹೇಳದಿದ್ದರೂ ಅಷ್ಟೇ. ಕೆಲವು ದಿನ ಅದರಿಂದ ನಿದ್ದೆಯೂ ಬಂತು.

ಆಯಿ ಮಠಕ್ಕೆ ಹೋಗುತ್ತೇನೆಂದು ಹಟ ಹಿಡಿದಳು, ಕರೆತಂದೆವು. ಕಲ್ಲಿನ ಪಡಸಾಲೆ ಬೇಡವೆಂದಳು. ಬೇವಿನ ಮರದ ಕೆಳಗೆ ಹೊರಸು ಹಾಕಿ, ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್ ನಿಲ್ಲಿಸಿದೆವು. ಮೂಗು ಬಾಯಿ ಮುಚ್ಚುವ ಮುಖವಾಡ ಹಾಕಲು ಹೋದರೆ ಮುಖ ತಿರುವಿದಳು. "ಯಾರ ಎಂಜಲಾ ಇದು?" ಹೊಸದೆಂದು ಆಣೆ ಮಾಡಿದೆ. ನಂಬಲಿಲ್ಲ. ಕೊನೆಗೆ ಮುಖವಾಡ ಕಿತ್ತು ಬರಿಯ ನಳಿಕೆಯನ್ನು ಆಕೆಯ ಕೈಗೆ ಕೊಟ್ಟೆ. ಅದನ್ನು ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳ ಸಂದಿಗೆ ತುಟಿಯಿಟ್ಟು, ಒಳಗೆ ಎಳೆದುಕೊಂಡಳು. ಬದುಕಿನುದ್ದಕ್ಕೂ ಒಲೆಗೆ ಊದಿದ್ದನ್ನು ಮರಳಿ ಕೇಳುತ್ತಿದ್ದ ಹಾಗಿತ್ತು. ಅಲ್ಲಿ ನಿಲ್ಲಲಾರದೆ ನಾನು ಬಾವಿಯ ಕಡೆ ಹೋಗಿ ಅತ್ತು ಬಂದೆ.

ಹೇಳದೆ ಇರಲು ಆಗಲಿಲ್ಲ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಹೊರಸಿನ ಪಕ್ಕ ಕೂತು ಎಲ್ಲ ಹೇಳಿದೆ. ಕಾರ್ಡು, ಅಂಕಿ, ರಕ್ತ, ನಾನು ಬರೆದ ಸಾಲು, ಚಹಾದ ಜೊತೆ ನಕ್ಕದ್ದು ಕೂಡ. ಆಯಿ ನಳಿಕೆ ಹಿಡಿದುಕೊಂಡೇ ಕೇಳಿದಳು. ಬಯ್ಯುತ್ತಾಳೆ ಅಂದುಕೊಂಡೆ. ಇಲ್ಲ, ಹೋಗಲಿ ಬಿಡವಾ ಅನ್ನುತ್ತಾಳೆ ಅಂದುಕೊಂಡೆ.

"ಹೇಳ್ಬೇಕಿತ್ತವಾ" ಅಂದಳು.

"ಹೇಳಿದ್ರ ಒಲಿ ಬಿಡ್ತಿದ್ದಿ ಏನ್ ಆಯೀ?"

"ಒಲಿ ಬಿಡ್ತಿದ್ದಿಲ್ಲ." ಮುಷ್ಟಿಗೆ ಬಾಯಿಟ್ಟು ಒಂದು ಉಸಿರು ಎಳೆದುಕೊಂಡಳು. "ಕಲ್ಲಿನ ಅಡಗಿಮನಿಗಿ ಹೋಗ್ತಿದ್ದೆ."

"ನಿನಗ ಕಲ್ಲಂದ್ರ ಅಂಜಿಕಿ ಅಲ್ಲಾ ಆಯೀ…"

"ಅಂಜಿಕೋತನೇ ಹೋಗ್ತಿದ್ದೆ. ಬ್ಯಾರೆ ಯಾರರೆ ಹೇಳಿದ್ರ ಇಲ್ಲ. ನೀ ಹೇಳಿದ್ರ ಹೋಗ್ತಿದ್ದೆ." ಮತ್ತೆ ಒಂದು ಉಸಿರು. "ನೆತ್ತರಾ ನೋಡೂದು ಕಲೀಲಿ ಅಂತೇ ಅಲ್ಲೇನವಾ ನಿನಗ ಕೈ ಕೊಟ್ಟಿದ್ದು?"

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆಗೆ ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು.

ಅದಾದ ಐದನೆಯ ದಿನ, ಹೊತ್ತೇರುವ ಹೊತ್ತಿಗೆ ಆಯಿ ಹೋದಳು. ವಿಭೂತಿ ಹಚ್ಚಿ, ಕೂರಿಸಿ, ಮಠದ ಹೊಲದಲ್ಲಿ ಮಣ್ಣು ಕೊಟ್ಟೆವು. ಕೂರಿಸುವಾಗ ಎಡಗೈ ಜಾರಿ ಹೊರಗೆ ಬಂತು. ದವಾಖಾನೆಯಲ್ಲಿ ನಾನು ಕಡೆಯ ಸಲ ಚುಚ್ಚಿದ ಕಡೆ ನೀಲಿ ಕಲೆ ಹಾಗೇ ಇತ್ತು. ಬಲಗೈ ಬೆರಳುಗಳು ಅರ್ಧ ಮಡಚಿಕೊಂಡಿದ್ದವು. ಯಾರೋ ಬಿಡಿಸಲು ಹೋದರು, ಬಿಡಿರೀ ಅಂದೆ.

ಡಾಕ್ಟರು ಈಗಲೂ ಶ್ರಾವಣ ಮುಗಿದ ಮೇಲೆ ಬರುತ್ತಾರೆ, ನಾನೂ ಊದಿಸುತ್ತೇನೆ. ಯಾರ ಅಂಕಿ ಇಳಿದರೂ ಮೂರು ಸಲ ಊದಿಸುತ್ತೇನೆ, ಸಾಲಿನವರು ಗೊಣಗಿದರೆ ಗೊಣಗಲಿ. ತುಟಿ ಹಚ್ಚುವುದಿಲ್ಲ ಅನ್ನುವ ಹಳೆಯ ಮಂದಿ ಇನ್ನೂ ಇದ್ದಾರೆ. ಮುಷ್ಟಿ ಕಟ್ಟಿ ಊದ್ರೀ ಅನ್ನುತ್ತೇನೆ. ಆ ಅಂಕಿಯನ್ನೂ ರಕ್ತದ ಅಂಕಿಯನ್ನೂ ಜೋಡಿ ಇಟ್ಟು, ಅವರನ್ನು ಮುಂದೆ ಕೂರಿಸಿಕೊಂಡು, ಇದ್ದದ್ದನ್ನು ಬಾಯಿಬಿಟ್ಟು ಹೇಳುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ಕೇಳುವುದಿಲ್ಲ.

ಆಯಿ ಹೋದ ಹದಿನಾಲ್ಕನೆಯ ದಿನ ಸ್ವಾಮಿಗಳು ಟಿನ್ ಶೆಡ್ಡು ಕೀಳಿಸಿದರು. ಒಲೆಯನ್ನು ಕಲ್ಲಿನ ಅಡುಗೆಮನೆಯಲ್ಲಿ ಹೂಡಿದೆವು. ಈಗ ಹೊಗೆ ನೆಟ್ಟಗೆ ಮೇಲೆದ್ದು ಗಂಡಿಯಿಂದ ಹೊರಗೆ ಹೋಗುತ್ತದೆ, ಒಳಗೆ ಕೂತವರ ಮುಖ ಕಾಣುತ್ತದೆ, ಯಾರೂ ಕೆಮ್ಮುವುದಿಲ್ಲ. ಒಲೆ ಅತ್ತಿಂದಿತ್ತ ತರಲು ಒಂದು ಮುಂಜಾನೆ ಸಾಕಾಯಿತು. ಇಬ್ಬರು ಹೆಂಗಸರು, ಒಂದು ಬುಟ್ಟಿ ಮಣ್ಣು.